ಹಲ್ಲು ಮಾತ್ರ ಅಲ್ಲ, ಬಾಯಿ ಪೂರ್ತಿ ನೋಡಿ

ನಮಸ್ಕಾರ ಎಲ್ರಿಗೂ. ಇವತ್ತು ಕಾಳುಮೆಣಸಿನ ರೇಟ್ ಬಗ್ಗೆ ಮಾತಾಡ್ತೀನಿ ಅಂದಿದ್ದೆ, ಅದು ಮುಂದಿನ ವಾರ. ಬಾಯಿ ಕ್ಯಾನ್ಸರ್ ಬಗ್ಗೆ ಹಾಕಿದ್ದ ಹೋದ ವಿಡಿಯೋಗೆ ಒಬ್ರು ಕಾಮೆಂಟ್ ಹಾಕಿದ್ದಾರೆ, "ನಮ್ಮಜ್ಜಿ ತೊಂಬತ್ತು ವರ್ಷದ ತನಕ ಎಲೆ ಅಡಿಕೆ ಹೊಗೆಸೊಪ್ಪು ಹಾಕಿದ್ರು, ಏನೂ ಆಗಿಲ್ಲ, ಸುಮ್ನೆ ಹೆದರಿಸ್ಬೇಡಿ" ಅಂತ. ಓದಿ ನಂಗೆ ನಿದ್ದೆ ಬರ್ಲಿಲ್ಲ.

ನಮ್ಮ ತೋಟದ ಕೆಲಸದವ್ರ ಲೈನ್ ಮನೇಲಿ ಒಬ್ರು ಅಕ್ಕ ಇದ್ದಾರೆ. ಸೊಂಟದಲ್ಲಿ ಸಿಕ್ಕಿಸಿದ ಚೀಲ, ಅದ್ರೊಳಗೆ ಸುಣ್ಣದ ಡಬ್ಬಿ, ಒಣಗಿದ ಎಲೆ, ಹೊಗೆಸೊಪ್ಪಿನ ತುಂಡು. ಮಳೇಲಿ ಕಳೆ ತೆಗೀವಾಗ ಮೈ ಬೆಚ್ಚಗಿರುತ್ತೆ ಅಂತಾರೆ, ಎಡಗೆನ್ನೆ ಯಾವಾಗ್ಲೂ ಉಬ್ಬೇ ಇರುತ್ತೆ. ಹೋದ ವರ್ಷ ಹಲ್ಲುನೋವು ಅಂತ ನಾನೇ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದೆ. ಇನ್ನೂ ಓದ್ತಿರೋ ಹುಡುಗ, ಒಳ್ಳೆ ಹುಡುಗನೇ, ನೋಯ್ತಿದ್ದ ಹಲ್ಲು ನೋಡ್ದ, ಸಿಮೆಂಟ್ ಹಾಕ್ದ, ಕಳಿಸ್ದ. ನಾಲ್ಕು ತಿಂಗಳಾದ್ಮೇಲೆ ಬೇರೆ ಕಡೆ ಒಬ್ರು ಡಾಕ್ಟ್ರಮ್ಮ ಪುಟ್ಟ ಕನ್ನಡಿಯಿಂದ ಅದೇ ಕೆನ್ನೆ ಸರಿಸಿದ್ರು, ಒಸಡಿಗೂ ಕೆನ್ನೆಗೂ ನಡುವೆ ಬಿಳಿ ಮಚ್ಚೆ, ಒರೆಸಿದ್ರೂ ಹೋಗಲ್ಲ! ಚೂರು ತೆಗೆದು ಪರೀಕ್ಷೆಗೆ ಕಳಿಸೋ ಬಯಾಪ್ಸಿ ಆಯ್ತು, ಪುಣ್ಯಕ್ಕೆ ಇನ್ನೂ ಕ್ಯಾನ್ಸರ್‌ಗೆ ತಿರುಗಿರ್ಲಿಲ್ಲ.

ಅದಕ್ಕೇ ಹೇಳೋದು, ಬಾಯಿ ಪೂರ್ತಿ ನೋಡಿ. ಡೆಂಟಲ್ ಓದೋ ಹುಡುಗ್ರೇ, ಪರೀಕ್ಷೇಲಿ ಲ್ಯೂಕೋಪ್ಲೇಕಿಯಾ, ಅಂದ್ರೆ ಇದೇ ಒರೆಸಿದ್ರೂ ಹೋಗದ ಬಿಳಿ ಮಚ್ಚೆ ಬಗ್ಗೆ ಎರಡು ಪುಟ ಬರೀತೀರಲ್ಲಪ್ಪ, ಎದುರಿಗೆ ಕೂತವ್ರ ನಾಲಿಗೆ ಎತ್ತಿಸೋಕೆ ಒಂದು ನಿಮಿಷ ಇಲ್ವಾ? ಕಾಲೇಜಿನ ಕೋಟಾ ಮುಗಿಸ್ಬೇಕು ಸರ್, ಇಷ್ಟು ಫಿಲ್ಲಿಂಗ್ ಇಷ್ಟು ಹಲ್ಲು ಕೀಳೋದು ಅಂತ ಲೆಕ್ಕ ಇರುತ್ತೆ ಅಂತಾರೆ. ಕೋಟಾ ಮುಗಿಸ್ರಪ್ಪ, ಯಾರು ಬೇಡ ಅಂದ್ರು, ಬಾಯಿ ತೆಗೆದೇ ಇರುತ್ತಲ್ಲ, ಅದ್ರ ಜೊತೆಗೇ ನೋಡಿ.

ಇನ್ನು ನಮ್ಮ ಜನ. "ನೋವಿದ್ರೆ ತೋರಿಸ್ತೀವಿ" ಅಂತಾರೆ. ಶುರುವಲ್ಲಿ ನೋವೇ ಇರಲ್ಲ, ಅದೇ ಕಷ್ಟ. ಎರಡು ವಾರ ಆದ್ರೂ ವಾಸಿಯಾಗದ ಹುಣ್ಣು, ಕೆಂಪು ಮಚ್ಚೆ ಬಿಳಿ ಮಚ್ಚೆ, ಖಾರ ತಿಂದ್ರೆ ಉರಿ, ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ಇಟ್ರೆ ಹಿಡಿಯಲ್ಲ ಅಂದ್ರೆ ಹೋಗಿ ತೋರಿಸ್ಲೇಬೇಕು. ಹೊಗೆಸೊಪ್ಪಿಲ್ದೆ ಬರೀ ಅಡಿಕೆ ತಾನೆ ಅನ್ನೋರಿಗೆ, ಬರೀ ಅಡಿಕೆನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಬೆಳೆಗಾರರ ಹೊಟ್ಟೆ ಮೇಲೆ ಹೊಡೀತೀರಾ ಅಂತ ಬರೀಬೇಡಿ, ನಮ್ಮನೇಲೂ ಅಡಿಕೆ ಇದೆ, ಆದ್ರೂ ಹೇಳ್ತಿದ್ದೀನಿ.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯ್ತು. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಎರಡೂ ಅಂಗೈಲಿ ಬೆರೆಸ್ಕೊಂಡ್ರೆ ಮುಗೀತು, ಏನು ಬ್ಯಾನೋ ಏನೋ!

ಅಜ್ಜಿ ಬದುಕಿದ್ರು, ಸಂತೋಷ. ಹೆಲ್ಮೆಟ್ ಇಲ್ದೆ ಸಂಪಾಜೆ ಘಾಟಿ ಇಳಿದು ಬದುಕಿದವ್ರೂ ಇದ್ದಾರೆ, ಅದನ್ನ ನೋಡಿ ಮಗನ ಕೈಲಿ ಬೈಕ್ ಕೊಡ್ತೀರಾ? ಅಜ್ಜಿ ಬಾಯಿ ಯಾರಾದ್ರೂ ಒಂದ್ಸಲ ಪೂರ್ತಿ ನೋಡಿದ್ರಾ?

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಮ್ಮ ತೋಟದ ಕಾಫಿ ಪುಡಿ ಲಿಂಕ್ ಕೆಳಗಿದೆ. ಹೊಗೆಸೊಪ್ಪು, ಗುಟ್ಕಾ ಬಿಡೋಕೆ ಸಹಾಯ ಬೇಕಿದ್ರೆ 1800-11-2356, ಫ್ರೀ ನಂಬರ್. ಈ ಭಾನುವಾರ ಟಾರ್ಚ್ ಹಿಡ್ಕೊಂಡು ಆ ಡಾಕ್ಟ್ರಮ್ಮನ್ನ ನಮ್ಮ ಲೈನ್ ಮನೆಗೆ ಕರ್ಕೊಂಡು ಬರ್ತಿದ್ದೀನಿ, ಪಕ್ಕದ ತೋಟದವ್ರೂ ಬನ್ನಿ, ಬಾಯಿ ಪೂರ್ತಿ ನೋಡ್ತಾರೆ.