ಕಡಲಿಗೆ ಬಿಟ್ಟ ಕೊಳಚೆ, ಕೈಕೊಡುತ್ತಿರುವ ಔಷಧ

ಮಾನ್ಯರೇ,

ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಕಾಲ್ಯರಿ ಎಂಬ ಊರಿದೆ. 1945ರಲ್ಲಿ ಅಲ್ಲಿನ ವೈದ್ಯ ಜುಸೆಪ್ಪೆ ಬ್ರೊಟ್ಸು, ಊರಿನ ಚರಂಡಿ ಕಡಲು ಸೇರುವಲ್ಲಿಂದ ನೀರು ತಂದು ಪರೀಕ್ಷಿಸಿದರು. ಅದರಲ್ಲಿದ್ದ ಒಂದು ಶಿಲೀಂಧ್ರವು ಟೈಫಾಯಿಡ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತಿತ್ತು. ಮುಂದೆ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಅದೇ ಶಿಲೀಂಧ್ರದಿಂದ ಸೆಫಲೊಸ್ಪೊರಿನ್ ಎಂಬ ಆಂಟಿಬಯೋಟಿಕ್ ಅನ್ನು ಬೇರ್ಪಡಿಸಿದರು. ಇಂದು ಆಸ್ಪತ್ರೆಗಳಲ್ಲಿ ಕೊಡುವ ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದುಗಳು ಅದರ ಸಂತತಿ. ಕೋಟ್ಯಂತರ ಜೀವಗಳನ್ನು ಕಾಯುತ್ತಿರುವ ಔಷಧವನ್ನು ನಮಗೆ ಕೊಟ್ಟದ್ದು ಕಡಲಂಚಿನ ಕೊಳಚೆ ನೀರು.

2018ರಲ್ಲಿ ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕಡಲಲೆಗಳ ಮೇಲೆ ಸರ್ಫಿಂಗ್ ಮಾಡುವವರು ಮತ್ತೆ ಮತ್ತೆ ಮುಳುಗೇಳುತ್ತ ಈಜುಗಾರರಿಗಿಂತ ಬಹಳ ಹೆಚ್ಚು ನೀರು ನುಂಗುತ್ತಾರೆ. ಅವರ ಕರುಳನ್ನು ಪರೀಕ್ಷಿಸಿದಾಗ, ಸೆಫೊಟಾಕ್ಸಿಮ್‌ಗೆ ಜಗ್ಗದ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಸುಮಾರು ಶೇ 9ರಷ್ಟು ಜನರಲ್ಲಿತ್ತು. ಸರ್ಫಿಂಗ್ ಮಾಡದವರಲ್ಲಿ ಶೇ 3. ಅವರೆಲ್ಲ ರೋಗಿಗಳಲ್ಲ, ನಿಜ. ಆದರೆ ನಾಳೆ ಅವರಲ್ಲೊಬ್ಬರಿಗೆ ಮೂತ್ರನಾಳದ ಸೋಂಕು ತಗಲಿದರೆ ವೈದ್ಯರ ಕೈಯಲ್ಲಿರುವ ಒಳ್ಳೆಯ ಔಷಧ ಕೆಲಸಕ್ಕೆ ಬಾರದೆ ಹೋಗಬಹುದು. ಎಲ್ಲಿ ಹುಟ್ಟಿದ ಔಷಧ, ಎಲ್ಲಿ ಸೋಲುತ್ತಿದೆ ನೋಡಿ! ನನ್ನನ್ನು ಕಾಡುವುದು ಇದೇ.

ಇದು ನಡೆಯುವ ಬಗೆ ಹೀಗೆ. ನಾವು ನುಂಗಿದ ಅನೇಕ ಆಂಟಿಬಯೋಟಿಕ್‌ಗಳ ಬಹುಪಾಲು ಕರಗದೆ ಮಲಮೂತ್ರದೊಂದಿಗೆ ಹೊರಬರುತ್ತದೆ. ಒಳಚರಂಡಿಯಲ್ಲಿ ಆ ಔಷಧದ ಅಂಶ, ಆಸ್ಪತ್ರೆಯ ಬ್ಯಾಕ್ಟೀರಿಯಾ, ಮನೆಯ ಬ್ಯಾಕ್ಟೀರಿಯಾ ಎಲ್ಲವೂ ಒಟ್ಟಿಗೆ ಸೇರುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಬೇರೊಂದು ಜಾತಿಯದ್ದಕ್ಕೂ ದಾಟಿಸಬಲ್ಲದು. ಹಲವು ಔಷಧಗಳನ್ನು ಎದುರಿಸುವ ಜೀನ್‌ಗಳು ಒಂದೇ ಉಂಗುರದಲ್ಲಿರುವುದೂ ಉಂಟು. ಉಪ್ಪು, ಬಿಸಿಲುಗಳಿಗೆ ಕರುಳಿನ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆಂದು ನೆಮ್ಮದಿಯಿಂದಿರುವಂತಿಲ್ಲ. ಸಾಯುವ ಮುನ್ನ ಅದು ತನ್ನ ಜೀನನ್ನು ಕಡಲಿನದೇ ಬ್ಯಾಕ್ಟೀರಿಯಾಕ್ಕೆ ಕೊಟ್ಟಿರಬಹುದು. ಎದುರು ದಿಕ್ಕಿನ ಪಯಣವೂ ಇದೆ: ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಗಳ ಬಲ ಕುಗ್ಗಿಸುವ ಒಂದು ಜೀನಿನ ಮೂಲವು ಶೆವನೆಲ್ಲಾ ಆಲ್ಗೆ ಎಂಬ ಕಡಲ ಬ್ಯಾಕ್ಟೀರಿಯಾದಲ್ಲಿದೆ ಎಂದು 2005ರಲ್ಲಿ ಗೊತ್ತಾಯಿತು.

ಸಂಸ್ಕರಣಾ ಘಟಕಗಳನ್ನು ಕಟ್ಟಿದ್ದು ಮುಖ್ಯವಾಗಿ ಕೊಳೆಯುವ ವಸ್ತುವನ್ನು ತೆಗೆಯಲು, ಜೀನ್‌ಗಳನ್ನಲ್ಲ. ಸ್ನಾನದ ತೀರಗಳ ನೀರಿನಲ್ಲೂ ಮಲದ ಬ್ಯಾಕ್ಟೀರಿಯಾ ಎಷ್ಟಿದೆ ಎಂದಷ್ಟೇ ಎಣಿಸುತ್ತಾರೆ. ಅದು ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ತನ್ನ ಕಾನೂನನ್ನು ಪರಿಷ್ಕರಿಸಿ, ದೊಡ್ಡ ಊರುಗಳ ಕೊಳಚೆಯಲ್ಲಿ ಔಷಧ ನಿರೋಧಕತೆಯ ಮೇಲೂ ನಿಗಾ ಇಡಬೇಕೆಂದಿತು.

ನಮ್ಮ ಮೂಲ್ಕಿ, ಸಸಿಹಿತ್ಲು ತೀರಗಳಲ್ಲೂ ಮಕ್ಕಳು ಸರ್ಫಿಂಗ್ ಕಲಿಯುತ್ತಿದ್ದಾರೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಜಾಗವದು. ಅಲ್ಲಿಯೂ ನೇತ್ರಾವತಿಯ ಅಳಿವೆಯಲ್ಲೂ ಇಂಥ ಪರೀಕ್ಷೆ ವರ್ಷವಿಡೀ ನಡೆಯಬೇಕು. ಆಸ್ಪತ್ರೆಗಳು ತಮ್ಮ ದ್ರವತ್ಯಾಜ್ಯವನ್ನು ಸಂಸ್ಕರಿಸಿಯೇ ಹೊರಬಿಡಬೇಕೆಂಬ ನಿಯಮ ದೇಶದಲ್ಲಿ 2016ರಿಂದಲೇ ಇದೆ. ಅದರ ಪಾಲನೆಯ ವರದಿಯನ್ನು ನಿಮ್ಮ ಪಂಚಾಯತಿ, ಪಾಲಿಕೆಗಳಲ್ಲಿ ಬರಹದಲ್ಲಿ ಕೇಳಿ.