ಮೊದಲು ತಾರೀಖು, ಆಮೇಲೆ ಪೇಪರ್

ಎಲ್ಲರಿಗೂ ನಮಸ್ಕಾರ. ಭಾನುವಾರದ ತಿಂಡಿ ಮುಗಿಸಿ ಕೂತಿರೋರು, ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಕೇಳ್ತಿರೋರು, ನಿಮ್ಮನ್ನೇ ಮನಸ್ಸಲ್ಲಿಟ್ಕೊಂಡು ಮಾತಾಡ್ತಿದ್ದೀನಿ. ನಮ್ಮ ತಾತ ಯಾವ ಊರೋರು, ಬೆಂಗಳೂರಿಗೆ ಬಂದು ಏನ್ ಮಾಡ್ಕೊಂಡಿದ್ರು ಅಂತ ಒಂದಲ್ಲ ಒಂದಿನ ಮಕ್ಕಳು ಕೇಳೇ ಕೇಳ್ತಾರೆ. ಅದಕ್ಕೆ ಹಳೇ ಪೇಪರಲ್ಲಿ ಉತ್ತರ ಇದೆ. ಆದ್ರೆ ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ, ಮೊದಲು ತಾರೀಖು, ಆಮೇಲೆ ಪೇಪರ್.

ಜನ ಏನ್ ಮಾಡ್ತಾರೆ ಅಂದ್ರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ಅದೇ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರೋ ಸ್ಟೇಟ್ ಸೆಂಟ್ರಲ್ ಲೈಬ್ರರಿಗೆ ಸೀದಾ ಹೋಗ್ತಾರೆ, ಹೋಗಿ ಹಳೇ ಪೇಪರ್ ಕೊಡಿ ಅಂತಾರೆ, ಯಾವ ವರ್ಷದ್ದು ಅಂದ್ರೆ ಸುಮಾರು ನಲವತ್ತು ಐವತ್ತರದ್ದು ಅಂತಾರೆ. ಹತ್ತು ವರ್ಷ ಅಂದ್ರೆ ಮೂರೂವರೆ ಸಾವಿರ ದಿನದ ಪೇಪರ್ ಕಣ್ರೀ, ಯಾರು ತಿರುವಿ ಹಾಕ್ತಾರೆ? ಇನ್ನು ಕೆಲವರು 1940ರ ಪ್ರಜಾವಾಣಿ ಕೊಡಿ ಅಂತ ಕೇಳ್ತಾರೆ. ಪ್ರಜಾವಾಣಿ ಶುರುವಾಗಿದ್ದೇ 1948ರ ಅಕ್ಟೋಬರಲ್ಲಿ. ಅದಕ್ಕೂ ಹಿಂದಿನವರನ್ನ ಹುಡುಕ್ಬೇಕು ಅಂದ್ರೆ ತಾಯಿನಾಡು, ವಿಶ್ವ ಕರ್ನಾಟಕ ಇಂಥಾ ಪತ್ರಿಕೆಗಳನ್ನ ಕೇಳ್ಬೇಕು. ಯಾವ ಪೇಪರ್ ಕೇಳ್ಬೇಕು ಅಂತ ಗೊತ್ತಾಗಕ್ಕೂ ಮೊದಲು ತಾರೀಖೇ ಬೇಕು.

ತಾರೀಖು ಯಾರ್ ಬರೆದಿಟ್ಟಿದ್ದಾರೆ ಸ್ವಾಮಿ ಅಂತೀರಾ? ಒಂದು ಘಟನೆ ಹೇಳ್ತೀನಿ ಕೇಳಿ. ಒಬ್ಬ ಹೆಣ್ಣುಮಗಳು, ಐವತ್ತರ ಆಸುಪಾಸು ಇರಬೋದು, ಲೈಬ್ರರೀಲಿ ನಾಲ್ಕು ದಿನದಿಂದ ಬೈಂಡುಗಳನ್ನ ತಿರುವ್ತಾ ಕೂತಿದ್ರು, ತಾತನ ನಿಧನದ ಸುದ್ದಿ ಹುಡುಕ್ತಾ. ನಾನು ಕೇಳಿದೆ, ಅಮ್ಮಾ ತಾತನ ವೈದಿಕ, ಅದೇ ತೀರ್ಕೊಂಡ ತಿಥೀಲಿ ವರ್ಷಾ ವರ್ಷಾ ಮಾಡೋ ಶ್ರಾದ್ಧ, ಯಾವತ್ತು ಮಾಡ್ತೀರಿ ಮನೇಲಿ ಅಂತ. ಗೊತ್ತಿಲ್ಲ, ಸೋದರತ್ತೆನ ಕೇಳ್ಬೇಕು ಅಂದ್ರು. ಕೇಳಿ ಅಂದೆ. ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ್ರು, ಸ್ಪೀಕರ್ ಹಾಕಿದ್ರಿಂದ ನನಗೂ ಕೇಳಿಸ್ತು. "ಭಾದ್ರಪದ ಬಹುಳ ಪಂಚಮಿ ಕಣೇ, ಪಿತೃಪಕ್ಷದಲ್ಲೇ ಬರುತ್ತಲ್ಲ!" ಒಂದು ಕ್ಷಣಾನೂ ಯೋಚ್ನೆ ಮಾಡ್ಲಿಲ್ಲ ಆ ಅಜ್ಜಿ. ಯಾವ ವರ್ಷ ಅತ್ತೆ ಅಂದ್ರೆ, "ಅದೆಲ್ಲಿ ಗೊತ್ತಾಗ್ಬೇಕು, ನಾನಿನ್ನೂ ಚಿಕ್ಕೋಳು, ಅಪ್ಪ ಮೊದಲ್ನೇ ಸಲ ಓಟು ಹಾಕಕ್ಕೆ ಅಂತ ಹೊಸ ಪಂಚೆ ಉಟ್ಕೊಂಡು ಹೋಗಿದ್ರು, ಆ ವರ್ಷ ಗಣೇಶನ ಹಬ್ಬ ಆಗಿ ಹದಿನೈದಿಪ್ಪತ್ತು ದಿನಕ್ಕೆ ಹೋಗ್ಬಿಟ್ರು."

ಇನ್ನೇನ್ ಬೇಕು ಹೇಳಿ! ಮೊದಲನೇ ಜನರಲ್ ಎಲೆಕ್ಷನ್ ನಡೆದಿದ್ದು 1951ರ ಕೊನೆಯಿಂದ 1952ರ ಶುರುವಿನವರೆಗೆ. ಅದಾದ್ಮೇಲೆ ಬಂದ ಭಾದ್ರಪದ ಅಂದ್ರೆ ನಂದನ ಸಂವತ್ಸರದ್ದು, 1952. ಬಹುಳ ಪಂಚಮಿ ಬರೋದು ಸೆಪ್ಟೆಂಬರ್ ಎರಡನೇ ವಾರದಲ್ಲಿ. ಅಲ್ಲಿಂದ ಹದಿನೈದು ದಿನದ ಪೇಪರ್ ಮಾತ್ರ ತರ್ಸಿದ್ವಿ. ಒಂದು ಪತ್ರಿಕೇಲಿ ಸಿಗ್ಲಿಲ್ಲ. ಇನ್ನೊಂದರಲ್ಲಿ, ಒಳಪುಟದ ಮೂಲೇಲಿ, ಸಿನಿಮಾ ಜಾಹೀರಾತಿನ ಪಕ್ಕ ನಾಲ್ಕೇ ನಾಲ್ಕು ಸಾಲು. ಅರಳೇಪೇಟೆಯ ವರ್ತಕರು, ಮಾಗಡಿ ತಾಲ್ಲೂಕು ಕುದೂರಿನವರು ಅಂತ.

ಆಕೆ ಸುಮ್ನಾಗ್ಬಿಟ್ರು. ಯಾಕೆ ಅಂದ್ರೆ ಅವರ ಇನಿಶಿಯಲ್ ‘ಕೆ’. ನಮ್ಮ ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಮೊದಲನೇ ಇನಿಶಿಯಲ್ ಊರಿಂದು, ಎರಡನೇದು ತಂದೆ ಹೆಸರಿಂದು, ಗೊತ್ತಲ್ಲ. ಮೂರು ತಲೆಮಾರಿಂದ ಆ ಮನೆಯವ್ರು ‘ಕೆ’ ಅಂದ್ರೆ ಕೋಲಾರ ಅಂದ್ಕೊಂಡಿದ್ರು. ಲಗ್ನಪತ್ರಿಕೇಲಿ ಹಾಗೇ ಹಾಕ್ಸಿದ್ರು, ಕೋಲಾರಕ್ಕೆ ಎರಡು ಸಲ ಹೋಗಿ ವಿಚಾರಿಸ್ಕೊಂಡೂ ಬಂದಿದ್ರು, ಯಾರೂ ಗುರುತು ಹಿಡೀಲಿಲ್ಲ. ಮೊಳೆ ಅಚ್ಚು ನೋಡಿ, ‘ದೂ’ ಅಕ್ಷರದ ಕೊಂಬು ಸವೆದು ಅರ್ಧ ಮಾತ್ರ ಬಿದ್ದಿತ್ತು. ಆಕೆ ಭೂತಗನ್ನಡಿ ಇಟ್ಕೊಂಡು ಕುದೂರು, ಕುದೂರು ಅಂತ ನಾಲ್ಕು ಸಲ ಓದಿದ್ರು. ನಾಲ್ಕು ದಿನ ಬೈಂಡು ತಿರುವಿ ಸಿಗದೇ ಇದ್ದಿದ್ದು, ತಾರೀಖು ಸಿಕ್ಕಿದ್ಮೇಲೆ ಮುಕ್ಕಾಲು ಗಂಟೇಲಿ ಸಿಕ್ತು.

ಈ ಕಥೇಲೇ ಟೈಮ್ ಹೋಯ್ತು, ಸ್ಟುಡಿಯೋದವರು ಕೈ ತೋರಿಸ್ತಿದ್ದಾರೆ, ಉಳಿದಿದ್ದನ್ನ ಬೇಗ ಹೇಳ್ಬಿಡ್ತೀನಿ. ಸಂವತ್ಸರ ಯುಗಾದಿಗೆ ಶುರುವಾಗುತ್ತೆ, ಹಾಗಾಗಿ ತಿಥಿ ಮಾಘ ಫಾಲ್ಗುಣದಲ್ಲಿದ್ರೆ ಇಸವಿ ಮುಂದಿಂದು ಹಿಡೀರಿ. ಅರವತ್ತು ವರ್ಷಕ್ಕೊಂದು ಸಲ ಅದೇ ಹೆಸರು ವಾಪಸ್ ಬರುತ್ತೆ, 1952ರ ನಂದನ 2012ರಲ್ಲಿ ಮತ್ತೆ ಬಂತು. ತಿಥಿ ಇಟ್ಕೊಳ್ದೇ ಇರೋ ಮನೆಗಳಲ್ಲಿ ಚರ್ಚಿನ ರಿಜಿಸ್ಟರ್ ಇರುತ್ತೆ, ಹಿಜರಿ ತಾರೀಖು ಇರುತ್ತೆ, ಸಮಾಧಿ ಕಲ್ಲಿರುತ್ತೆ. ಎಲ್ಲಾದ್ರಿಂದ್ಲೂ ತಾರೀಖು ಸಿಗುತ್ತೆ. ನಿಧನದ ಸುದ್ದಿ ಬರದೇ ಇದ್ರೆ ವೈಕುಂಠ ಸಮಾರಾಧನೆ ಪ್ರಕಟಣೆ ನೋಡಿ, ಮುಂದಿನ ವರ್ಷ ಅದೇ ಹೊತ್ತಿಗೆ ಶ್ರದ್ಧಾಂಜಲಿ ನೋಡಿ. ಸೈಟು ಮನೆ ವ್ಯವಹಾರಕ್ಕೆ ಕೋರ್ಟ್ ನೋಟೀಸು, ಸರ್ಕಾರಿ ನೌಕರಿ ಆಗಿದ್ರೆ ಮೈಸೂರು ಗೆಜೆಟ್ಟಲ್ಲಿ ವರ್ಗಾವಣೆ, ಬಡ್ತಿ. ಹೆಡ್‌ಲೈನ್ ಓದ್ತಾ ಕೂರ್ಬೇಡಿ ದಯವಿಟ್ಟು, ನಿಮ್ಮ ತಾತ ಇರೋದು ಸಣ್ಣಕ್ಷರದಲ್ಲಿ.

ಆನ್‌ಲೈನಲ್ಲಿ ಸಿಗಲ್ವಾ ಅಂತ ಪ್ರತಿಯೊಬ್ರೂ ಕೇಳ್ತಾರೆ. ಸವೆದ ಮೊಳೆಯ ಕನ್ನಡ ಅಕ್ಷರಾನ ಕಂಪ್ಯೂಟರ್ ಎಷ್ಟೋ ಸಲ ಸರಿಯಾಗಿ ಓದಲ್ಲ, ಹೆಸರು ಟೈಪ್ ಮಾಡಿದ್ರೆ ಬರದೇ ಇರಬೋದು, ಅಲ್ಲೂ ತಾರೀಖಿನಿಂದ್ಲೇ ಹೋಗ್ಬೇಕು. ಲೈಬ್ರರೀಲಿ ಎಂಜಲು ಬೆರಳಲ್ಲಿ ಪುಟ ತಿರುವ್ಬೇಡಿ, ಆ ಕಾಗದ ಹಪ್ಪಳ ಆಗಿರುತ್ತೆ, ಅಂಚು ಹಿಡಿದ್ರೆ ಕೈಗೇ ಬರುತ್ತೆ. ಪೆನ್ನು ಬೇಡ, ಪೆನ್ಸಿಲ್ ತಗೊಂಡ್ಹೋಗಿ. ಸಿಕ್ಕಿದ ತಕ್ಷಣ ಪೇಪರ್ ಹೆಸರು, ತಾರೀಖು, ಪುಟ ಮೂರನ್ನೂ ಬರ್ಕೊಳ್ಳಿ.

ಈಗ ರೇಡಿಯೋ ಆಫ್ ಮಾಡಿದ್ಮೇಲೆ ಮನೇಲಿರೋ ಹಿರಿಯರ ಹತ್ರ ಕೂತು ತಿಥಿ ಕೇಳಿ, ಮಾಸ, ಪಕ್ಷ, ತಿಥಿ ಮೂರೂ ಬರ್ಕೊಳ್ಳಿ, ಇಸವಿ ನೆನಪಿಲ್ಲ ಅಂದ್ರೆ ಬಿಡಬೇಡಿ, ಆ ವರ್ಷ ಮನೇಲಿ ಇನ್ನೇನೇನಾಯ್ತು ಅಂತ ಕೇಳಿ. ನಮಸ್ಕಾರ.