ಡ್ರಿಪ್ ಹಾಕಿದರೆ ಊಟ ಆದಂತಲ್ಲ

ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದಾಗ ಈ ಮಾತು ಕೇಳಿಯೇ ಇರುತ್ತೀರಿ: "ಊಟ ಸೇರ್ತಿಲ್ಲ. ಪರವಾಗಿಲ್ಲ ಬಿಡಿ, ಗ್ಲೂಕೋಸ್ ಹಾಕಿದ್ದಾರಲ್ಲ."

ಸರಿ, ಲೆಕ್ಕ ಹಾಕೋಣ. ಐದು ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ 100 ಕ್ಯಾಲೊರಿ. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ ಮೂರು ಬಾಟಲಿಯನ್ನೂ ಮೀರಿಸುತ್ತದೆ! ಪ್ರೋಟೀನ್ ಅಂತೂ ಆ ಬಾಟಲಿಯಲ್ಲಿ ಸೊನ್ನೆ. ಸಲೈನ್ ಆದರೆ ಬರೀ ಉಪ್ಪುನೀರು. ಡ್ರಿಪ್ ಬೇಡ ಅನ್ನುತ್ತಿಲ್ಲ, ಮೈಯಲ್ಲಿ ನೀರು ಕಡಿಮೆಯಾದಾಗ ಬೇಕೇ ಬೇಕು. ಆದರೆ ಅದು ಊಟ ಅಲ್ಲ.

ನನ್ನ ತಕರಾರು ಇಷ್ಟೇ. ಬಿಪಿ, ಜ್ವರ, ಶುಗರ್ ಎಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ತಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಎಷ್ಟು ಕಡೆ ಬರೆಯುತ್ತಾರೆ? ಸೇರಿದ ದಿನ ತೂಕ ನೋಡಿದರೂ ಮುಂದಿನ ವಾರ ಮತ್ತೆ ನೋಡುವವರು ಯಾರು?

ಇದೇನು ದುಬಾರಿ ಕೆಲಸವಲ್ಲ. ರೋಗಿಗೆ ಪೋಷಣೆ ಸಾಲದಾಗುವ ಅಪಾಯ ಇದೆಯಾ ಅಂತ ಪತ್ತೆಹಚ್ಚಲು ಬ್ರಿಟನ್ನಿನಲ್ಲಿ 2003ರಿಂದ 'ಮಸ್ಟ್' ಅನ್ನುವ ಪದ್ಧತಿ ಇದೆ. ನೋಡುವುದು ಮೂರೇ ವಿಷಯ: ಎತ್ತರಕ್ಕೆ ತಕ್ಕ ತೂಕ ಇದೆಯಾ, ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ಇಳಿದಿದೆಯಾ, ಕಾಯಿಲೆಯಿಂದ ಐದು ದಿನಕ್ಕಿಂತ ಜಾಸ್ತಿ ಊಟ ತಪ್ಪಿದೆಯಾ ಅಥವಾ ತಪ್ಪುವ ಹಾಗಿದೆಯಾ. ಎದ್ದು ನಿಲ್ಲಲಾಗದವರಿಗೆ ಒಂದು ಟೇಪು ಸಾಕು. ತೋಳಿನ ಮಧ್ಯದ ಸುತ್ತಳತೆ 23.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತಲೇ ಲೆಕ್ಕ.

ತೂಕಕ್ಕೆ ಯಾಕಿಷ್ಟು ಮಹತ್ವ? ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಯವರು ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳಿಗೆ ಔಷಧಿಯ ಜೊತೆ ರೇಷನ್ನನ್ನೂ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಕಂಡಿತ್ತು.

ಇನ್ನು ನಮ್ಮ ಪಥ್ಯ. ಮೊಸರು ಶೀತ, ಮೊಟ್ಟೆ ಉಷ್ಣ, ಬೇಳೆ ವಾಯು. ಕೊನೆಗೆ ಉಳಿಯುವುದು ತಿಳಿಗಂಜಿ, ಬ್ರೆಡ್ಡು! ಗಾಯ ಮಾಯಲು ಪ್ರೋಟೀನ್ ಬೇಕು, ನಾವು ಅದನ್ನೇ ಹುಡುಕಿ ಹುಡುಕಿ ತೆಗೆದುಹಾಕುತ್ತೇವೆ. ಡಾಕ್ಟರ್ ಬೇಡ ಅಂದಿದ್ದರೆ ಸರಿ. ಪಕ್ಕದ ಬೆಡ್ಡಿನವರು ಅಂದರು ಅಂತ ಸುಮ್ನೆ ನಿಲ್ಲಿಸಬೇಡಿ.

ಹಾಗಂತ ಎಷ್ಟೋ ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ತಿನ್ನಿಸಲೂಬಾರದು. ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಎಷ್ಟರಿಂದ ಶುರು ಮಾಡಬೇಕು ಅಂತ ಡಯಟಿಷಿಯನ್ ಹೇಳಬೇಕು. ನಾಳೆ ರೌಂಡ್ಸಿಗೆ ಬಂದಾಗ ಡಾಕ್ಟರನ್ನೇ ಕೇಳಿ: "ಡಯಟಿಷಿಯನ್ ಯಾವಾಗ ಬರ್ತಾರೆ, ಸಾರ್?"